ಬಚ್ಚಲಿಗೆ ಬಿಳಿ ಬಂದ ಕತೆ

ಮೊನ್ನೆ ಮಗಳ ಬಚ್ಚಲುಮನೆಗೆ ಟೈಲ್ಸ್ ಆರಿಸೋಕೆ ಹೋಗಿದ್ವಿ. ಅವಳಿಗೆ ಗುಲಾಬಿ ಬೇಕು, ನನಗೆ ಬಿಳಿ. ಈ ಬಿಳಿ ಹುಚ್ಚು ಎಲ್ಲಿಂದ ಬಂತು?

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ. ರೋಗಾಣುಗಳ ಭಯ ಹಬ್ಬಿದಂತೆ ಯುರೋಪು, ಅಮೆರಿಕದ ಬಚ್ಚಲುಗಳಿಂದ ಮರ, ವಾಲ್‌ಪೇಪರ್ ಹೊರಬಿದ್ದು ಹೊಳೆಯುವ ಬಿಳಿ ಟೈಲ್ಸ್ ಬಂದವು. ನೀರು ಹೀರೋಲ್ಲ, ಕೊಳೆ ಅಡಗೋಲ್ಲ! 1904ರಲ್ಲಿ ಶುರುವಾದ ನ್ಯೂಯಾರ್ಕ್ ಸಬ್‌ವೇ ಗೋಡೆಗಳಿಗೂ ಅದೇ. ಮಗಳ ಗುಲಾಬಿ 1950ರ ದಶಕದ ಅಮೆರಿಕದ ಫ್ಯಾಷನ್ನು.

ಅಜ್ಜಿಮನೆ ಬಚ್ಚಲಲ್ಲಿ ಹಂಡೆ ಒಲೆಯ ಹೊಗೆಗೆ ಗೋಡೆಯೆಲ್ಲ ಕಪ್ಪು. ಕೊಳೆ ಕಾಣ್ತಿರಲಿಲ್ಲ ನಿಜ, ಆದ್ರೆ ಆ ಒರಟು ಚಪ್ಪಡಿ ಮೇಲೆ ಕಾಲೂ ಜಾರ್ತಿರಲಿಲ್ಲ. ಗೋಡೆಗೆ ಗುಣವಾದ ನುಣುಪು, ನೆಲಕ್ಕೆ ಅಪಾಯ.

ಕೊನೆಗೆ ರಾಜಿ: ಗೋಡೆಗೆ ಬಿಳಿ, ನಡುವೆ ಒಂದು ಸಾಲು ಗುಲಾಬಿ, ನೆಲಕ್ಕೆ ಒರಟು ಮ್ಯಾಟ್ ಟೈಲ್ಸ್. ನಿಮ್ಮನೇಲಿ ಯಾರು ಗೆದ್ರು? :)