ಪಿಕಪ್ ಗಾಡಿಯ ಹಿಂದಿನ ಕಮಾನು

ಮೋಟಾರು ವಾಹನದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಎಂಜಿನಿನಿಂದ ಆರಂಭಿಸಿ ಎಂಜಿನಿನಲ್ಲೇ ಮುಗಿಸುತ್ತಾರೆ. ಕುದುರೆಶಕ್ತಿ ಎಷ್ಟು, ವೇಗ ಎಷ್ಟು, ಯಾರು ಮೊದಲು ಓಡಿಸಿದರು ಎಂಬುದೇ ಅವರ ಕಥೆಯ ತಿರುಳು. ಆದರೆ ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡುವ ವ್ಯವಧಾನವಿದ್ದವರಿಗೆ ಅಲ್ಲಿ ಇನ್ನೊಂದು ಚರಿತ್ರೆ ಕಾಣುತ್ತದೆ. ಹಿಂದಿನ ಚಕ್ರಗಳ ನಡುವಣ ಅಚ್ಚಿಗೆ, ಎಡಕ್ಕೊಂದು ಬಲಕ್ಕೊಂದರಂತೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟನ್ನು ಬಿಗಿದಿರುತ್ತಾರೆ. ಕುದುರೆ ಸಾರೋಟಿನ ಕಾಲದಿಂದ ಹೆಚ್ಚಿಗೆ ರೂಪ ಬದಲಿಸದೆ ಬಂದಿರುವ ಭಾಗ ಇದು.

ಅಮೆರಿಕದಲ್ಲಿ ಪಿಕಪ್ ಎಂಬ ಗಾಡಿಗೆ ಬಹಳ ಬಳಕೆ. ಮುಂದೆ ಇಬ್ಬರೋ ಮೂವರೋ ಕೂರುವ ಗೂಡು, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ, ಇಷ್ಟೇ ಅದರ ಸ್ವರೂಪ. ಇಂಥ ಗಾಡಿ ಇಪ್ಪತ್ತು ಮೂವತ್ತು ವರ್ಷ ದುಡಿದು ಹಿಂಭಾಗ ಕುಸಿದು ಕೂತಾಗ, ಅದರ ಒಡೆಯ ಎಷ್ಟೋ ವೇಳೆ ಯಾರನ್ನೂ ಕರೆಯುವುದಿಲ್ಲ. ರಜೆಯ ದಿನ ಮನೆಯ ಮುಂದಿನ ಅಂಗಳದಲ್ಲಿ ಜಾಕಿ ಕೊಟ್ಟು ಗಾಡಿಯನ್ನೆತ್ತಿ, ಅದರಡಿ ಅಂಗಾತ ಮಲಗಿ, ಹಳೆಯ ಕಮಾನನ್ನು ಬಿಚ್ಚಿ ಹೊಸದನ್ನು ತಾನೇ ಕೂರಿಸುತ್ತಾನೆ. ಅವನು ಕಮ್ಮಾರನಲ್ಲ, ಯಂತ್ರಶಾಸ್ತ್ರ ಓದಿದವನೂ ಅಲ್ಲ. ಶಾಲೆಯ ಉಪಾಧ್ಯಾಯನೋ ಕಚೇರಿಯ ಗುಮಾಸ್ತೆಯೋ ಆಗಿರಬಹುದು. ಈ ಧೈರ್ಯ ಅವನಿಗೆ ಎಲ್ಲಿಂದ ಬಂತು? ಇದು ಬರಿಯ ಹಣ ಉಳಿಸುವ ಮಾತಲ್ಲ. ಇದರ ಹಿಂದೆ ಎರಡು ಶತಮಾನಗಳ ಕಥೆಯಿದೆ.

ಕಮಾನು ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು; ಅಲ್ಲಿ ಅದರ ಅರ್ಥ ಬಿಲ್ಲು. ಗಾಡಿಯ ಕಮಾನು ಮಾಡುವ ಕೆಲಸವೂ ಬಿಲ್ಲಿನದೇ. ಭಾರ ಬಿದ್ದಾಗ ಬಾಗುವುದು, ಭಾರ ಹೋದಾಗ ಮತ್ತೆ ಮೊದಲಿನಂತಾಗುವುದು. ಎಳೆದಷ್ಟೂ ಪ್ರತಿಬಲ ಎಂಬ ಇದರ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಂದು ಒಗಟಿನಂತೆ ಅಚ್ಚು ಹಾಕಿಸಿದ. ಎರಡು ವರ್ಷಗಳ ಮೇಲೆ, 1678ರಲ್ಲಿ, ತಾನೇ ಅದನ್ನು ಬಿಡಿಸಿ ಹೇಳಿದ. ಆದರೆ ಸಾರೋಟು ಮಾಡುವ ಬಡಗಿಗಳೂ ಕಮ್ಮಾರರೂ ನಿಯಮಕ್ಕಾಗಿ ಕಾದು ಕುಳಿತವರಲ್ಲ. ಒಂದೇ ದಪ್ಪ ಪಟ್ಟಿ ಹಾಕಿದರೆ ಅದು ಬಾಗದೆ ಮುರಿಯುತ್ತದೆ, ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರೆ ಬಾಗುತ್ತದೆ, ಮುರಿಯುವುದಿಲ್ಲ ಎಂಬುದನ್ನು ಅವರು ಕೈಯನುಭವದಿಂದ ಕಂಡುಕೊಂಡಿದ್ದರು. ಉದ್ದದ ಪಟ್ಟಿ ಒಂದು, ಅದಕ್ಕೆ ಒತ್ತಾಗಿ ಕ್ರಮವಾಗಿ ಗಿಡ್ಡವಾಗುವ ಪಟ್ಟಿಗಳು. ಬಗ್ಗಿಸುವ ಬಲ ನಡುವೆ ಹೆಚ್ಚು, ತುದಿಗಳಲ್ಲಿ ಕಡಿಮೆಯಾದ್ದರಿಂದ ನಡುವೆ ಹೆಚ್ಚು ಉಕ್ಕು, ತುದಿಗಳಲ್ಲಿ ಕಡಿಮೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತವೂ ಬೇಗ ಅಡಗುತ್ತದೆ. 1804ರ ಸುಮಾರಿಗೆ ಲಂಡನ್ನಿನ ಸಾರೋಟು ತಯಾರಕ ಒಬಡಯಾ ಎಲಿಯಟ್ ಇಂಥ ಎರಡು ಕಮಾನುಗಳನ್ನು ಎದುರುಬದುರಾಗಿ ಕೂಡಿಸಿ ಮೊಟ್ಟೆಯಾಕಾರದ ಕಮಾನಿಗೆ ಹಕ್ಕುಪತ್ರ ಪಡೆದ. ಸಾರೋಟುಗಳು ಹಗುರವಾದುವು, ಪ್ರಯಾಣಿಕರ ಮೂಳೆಗಳು ಬದುಕಿದುವು.

ಮೋಟಾರು ಬಂದಾಗ ಕುದುರೆ ಹೋಯಿತು, ಕಮಾನು ಉಳಿಯಿತು. 1908ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಪ್ರಸಿದ್ಧ ಟಿ ಮಾದರಿಯ ಕಾರಿನಲ್ಲಿ ಮುಂದೊಂದು ಹಿಂದೊಂದು ಕಮಾನು, ಎರಡೂ ಗಾಡಿಗೆ ಅಡ್ಡಲಾಗಿ. ವನೇಡಿಯಂ ಬೆರೆಸಿದ ಗಟ್ಟಿ ಉಕ್ಕನ್ನು ಆ ಕಾರಿಗೆ ಬಳಸಿದ್ದರು. ರಸ್ತೆಯೇ ಇಲ್ಲದ ಹಳ್ಳಿಗಾಡಿನಲ್ಲಿ ಆ ಕಾರು ಓಡಾಡಿದ್ದು ಈ ಉಕ್ಕಿನ ಬಲದಿಂದಲೂ ಹೌದು, ಹೊಂಡ ದಿಣ್ಣೆಗಳಿಗೆ ಬಾಗಿ ಕೊಡುವ ಕಮಾನಿನ ಗುಣದಿಂದಲೂ ಹೌದು. 1927ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ 150 ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದಿದ್ದುವು.

ಅವನ್ನು ಕೊಂಡವರಲ್ಲಿ ರೈತರು ಬಹಳ. ಅಮೆರಿಕದ ರೈತನ ಮನೆ ನಮ್ಮ ಹಳ್ಳಿಯ ಮನೆಯಂತೆ ನೂರು ಮನೆಗಳ ನಡುವೆ ಇರುವುದಲ್ಲ. ಅವನ ಹೊಲದ ನಡುವೆ ಒಂಟಿಯಾಗಿರುವುದು. ಪೇಟೆ ದೂರ, ರಿಪೇರಿಯವನು ಇನ್ನೂ ದೂರ. ಕಾರು ಕೆಟ್ಟರೆ ತಾನೇ ಸರಿಮಾಡಬೇಕು, ಇಲ್ಲವೆ ನಡೆಯಬೇಕು. ಅವನು ಕಾರಿನ ಹಿಂದಿನ ಚಕ್ರವೊಂದನ್ನು ಮೇಲೆತ್ತಿ, ಅದಕ್ಕೆ ಪಟ್ಟಾ ಹಾಕಿ, ಸೌದೆ ಕೊಯ್ಯುವ ಗರಗಸವನ್ನೂ ನೀರೆತ್ತುವ ಪಂಪನ್ನೂ ಅದರಿಂದ ಓಡಿಸಿದ. ಹಿಂದಿನ ಆಸನ ಕಿತ್ತುಹಾಕಿ ಮರದ ತೊಟ್ಟಿ ಬಿಗಿದು ಹಾಲು, ತರಕಾರಿ, ಹಂದಿಮರಿಗಳನ್ನು ಪೇಟೆಗೆ ಸಾಗಿಸಿದ. ಗಿರಾಕಿ ಮಾಡಿಕೊಂಡದ್ದನ್ನು ಕಾರ್ಖಾನೆ ನೋಡಿ ಕಲಿಯಿತು. 1925ರಲ್ಲಿ ಫೋರ್ಡ್ ಕಾರ್ಖಾನೆ ತಾನೇ ತೊಟ್ಟಿ ಕೂರಿಸಿದ ಪಿಕಪ್ಪನ್ನು 281 ಡಾಲರಿಗೆ ಮಾರಲು ತೊಡಗಿತು. ಆ ಗಾಡಿಗೂ ಮಾಮೂಲು ಕಾರಿಗೂ ಇದ್ದ ಭೇದಗಳಲ್ಲಿ ಎರಡು ಮುಖ್ಯ: ಹಿಂದೆ ತೊಟ್ಟಿ, ತೊಟ್ಟಿಯ ಕೆಳಗೆ ಹೆಚ್ಚು ಭಾರ ಹೊರುವ ಕಮಾನು. ಪಿಕಪ್ಪು ಹುಟ್ಟಿದ್ದೇ ಹಿಂದಿನ ಕಮಾನಿನ ಮೇಲೆ ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾರ್ಖಾನೆ ಬಂದು ಕೈಗೆಲಸವನ್ನು ಕೊಂದಿತು ಎಂದು ನಾವು ಮತ್ತೆ ಮತ್ತೆ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ಮನೆಯಂಗಳದ ರಿಪೇರಿಯ ಮಟ್ಟಿಗೆ ಕಥೆ ತಿರುವುಮುರುವು. ಸಾರೋಟಿನ ಕಾಲದಲ್ಲಿ ಕಮಾನು ಮುರಿದರೆ ಕಮ್ಮಾರನೇ ಗತಿ. ಪ್ರತಿ ಸಾರೋಟಿನ ಅಳತೆಯೂ ಬೇರೆ, ಕುಲುಮೆಯಲ್ಲಿ ಕಾಯಿಸಿ ಬಡಿದು ಹೊಂದಿಸಬೇಕು. ಕಾರ್ಖಾನೆಯೋ ಒಂದು ಕಮಾನಿನ ಹಾಗೆಯೇ ಲಕ್ಷ ಕಮಾನು ಮಾಡಿತು. ಅಂಚೆಯ ಮೂಲಕ ವ್ಯಾಪಾರ ಮಾಡುತ್ತಿದ್ದ ಸಿಯರ್ಸ್‌ನಂಥ ಅಂಗಡಿಗಳ ದಪ್ಪ ಕ್ಯಾಟಲಾಗಿನಲ್ಲಿ ಮೋಟಾರಿನ ಸಾಮಾನುಗಳು ಸೀರೆ ಕುಪ್ಪಸಗಳಂತೆ ಪಟ್ಟಿಯಾಗಿ ಬಂದುವು. ಬರೆದು ತರಿಸಿದ ಭಾಗ ಬಿಚ್ಚಿದ ಭಾಗದ ಜಾಗದಲ್ಲಿ ಸರಿಯಾಗಿ ಕೂರುವಾಗ ಕಮ್ಮಾರನ ಜಾಣ್ಮೆ ಬೇಕಿಲ್ಲ. ಸ್ಪ್ಯಾನರು ಹಿಡಿಯುವ ಕೈ, ತಾಳ್ಮೆ, ಇವೆರಡು ಸಾಕು. ಮನೆಯಲ್ಲೇ ರಿಪೇರಿ ಮಾಡುವ ಸ್ವಾತಂತ್ರ್ಯ ಕಾರ್ಖಾನೆಯ ಶತ್ರುವಲ್ಲ, ಅದರ ಕೂಸು.

ಆ ಕೂಸನ್ನು ಗಟ್ಟಿಮಾಡಿದ್ದು ಯುದ್ಧ. 1942ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಖಾನೆಗಳು ಜನಸಾಮಾನ್ಯರಿಗಾಗಿ ಕಾರು ಮಾಡುವುದನ್ನು ನಿಲ್ಲಿಸಿ ಯುದ್ಧಸಾಮಗ್ರಿಗೆ ಇಳಿದುವು. ಟೈರಿಗೆ ರೇಷನ್ನು, ಪೆಟ್ರೋಲಿಗೆ ರೇಷನ್ನು. ಇದ್ದ ಗಾಡಿಯನ್ನೇ ಯುದ್ಧ ಮುಗಿಯುವತನಕ ಎಳೆದುಕೊಂಡು ಹೋಗಬೇಕಾಯಿತು. ಕಮಾನಿನ ಕೀಲುಗಳಿಗೆ ತಪ್ಪದೆ ಗ್ರೀಸು ಹೊಡೆದವನ ಗಾಡಿ ಉಳಿಯಿತು, ಮರೆತವನದು ಕಿರುಗುಟ್ಟಿ ಸವೆಯಿತು.

ಅದೇ ಚಳಿಗಾಲದಲ್ಲಿ, ಅಂದರೆ 1941-42ರಲ್ಲಿ, ಇನ್ನೊಂದು ಸಣ್ಣ ಸಂಗತಿ ನಡೆಯಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯ ರಸ್ತೆಯ ಮೇಲಿನ ಹಿಮ ಕರಗಿಸಲು ಉಪ್ಪು ಎರಚುವುದನ್ನು ರಾಜ್ಯದ ನೀತಿಯಾಗಿಯೇ ಕೈಗೊಂಡಿತು. ಯುದ್ಧಾನಂತರ ಹಿಮ ಬೀಳುವ ಸೀಮೆಗಳಲ್ಲೆಲ್ಲ ಇದು ವಾಡಿಕೆಯಾಯಿತು. ರಸ್ತೆ ಬಯಲಾಯಿತು, ಉಪ್ಪುನೀರು ಗಾಡಿಯ ಅಡಿಗೆ ಹಾರಿ ಪಟ್ಟಿಗಳ ಸಂದಿಗಳಲ್ಲಿ ನಿಂತಿತು. ಅಮೆರಿಕದ ಉತ್ತರ ಭಾಗದಲ್ಲಿ ಹಳೆಯ ಪಿಕಪ್ಪಿನ ಕಮಾನು ಕಳಚಿಬೀಳುವುದಕ್ಕೆ ಭಾರಕ್ಕಿಂತ ಹೆಚ್ಚಾಗಿ ಉಪ್ಪು ಕಾರಣ.

ಈ ನಡುವೆ ಕಾರುಗಳು ಸುಖಾಸನಗಳಾದುವು. ಸುರುಳಿ ಸ್ಪ್ರಿಂಗು ಬಂತು, ಕಮಾನು ಮೂಲೆಗೆ ಸರಿಯಿತು. ಪಿಕಪ್ಪಿಗೂ ಆ ಗಾಳಿ ಬೀಸಿತು: 1960ರಲ್ಲಿ ಷೆವ್ರೊಲೆ ತನ್ನ ಹಗುರ ಪಿಕಪ್ಪಿನ ಹಿಂಭಾಗಕ್ಕೆ ಸುರುಳಿ ಸ್ಪ್ರಿಂಗು ಹಾಕಿತು. ಆದರೆ 1973ರ ಹೊಸ ಮಾದರಿಯಲ್ಲಿ ಮತ್ತೆ ಹಳೆಯ ಕಮಾನಿಗೇ ಮರಳಿತು. ಕಮಾನಿನ ಉಪಯೋಗ ಅಂಥದು. ಅದು ಭಾರ ಹೊರುತ್ತದೆ, ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತದೆ, ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ಅಚ್ಚು ತಿರುಚಿಕೊಳ್ಳದಂತೆ ತಡೆಯುತ್ತದೆ. ಮೂರು ಆಳಿನ ಕೆಲಸ ಒಬ್ಬನಿಂದ. ಸುರುಳಿ ಸ್ಪ್ರಿಂಗು ಮಾಡುವುದು ಮೊದಲನೆಯದೊಂದನ್ನೇ. ಉಳಿದೆರಡಕ್ಕೆ ಬೇರೆ ಸರಳುಗಳು ಬೇಕು.

ಮೂರು ಕೆಲಸ ಒಂದರಲ್ಲೇ ಇರುವುದರಿಂದಲೇ ಇದರ ರಿಪೇರಿ ಸುಲಭವೂ ಹೌದು, ಅಪಾಯದ್ದೂ ಹೌದು. ಕ್ರಮ ಹೀಗೆ: ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನೆತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ನಿಲ್ಲಿಸಬೇಕು, ಬರಿಯ ಜಾಕಿಯನ್ನು ನಂಬಿ ಕೆಳಗೆ ನುಸುಳಿದವರು ಪ್ರಾಣ ತೆತ್ತಿದ್ದಾರೆ. ಅಚ್ಚಿಗೆ ಬೇರೊಂದು ಜಾಕಿಯ ಆಸರೆ ಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಎರಡು ದಿನ ಮೊದಲೇ ಎಣ್ಣೆ ಬಿಡುವುದು ಜಾಣತನ. ಚಕ್ರ ಕಳಚಿ, ಶಾಕ್ ಅಬ್ಸಾರ್ಬರಿನ ಕೆಳತುದಿ ಬಿಡಿಸಿ, ಕಮಾನನ್ನು ಅಚ್ಚಿಗೆ ಬಿಗಿದಿರುವ ಯು ಆಕಾರದ ಬೋಲ್ಟುಗಳನ್ನು ಬಿಚ್ಚಬೇಕು. ಅನಂತರ ಕಮಾನಿನ ಎರಡು ತುದಿಯ ಕಣ್ಣುಗಳ ಬೋಲ್ಟು. ಒಂದು ಪಕ್ಕ ಪೂರೈಸಿದ ಮೇಲೆಯೇ ಇನ್ನೊಂದು ಪಕ್ಕ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಅಚ್ಚು ತನ್ನ ಜಾಗ ಮರೆಯುತ್ತದೆ. ಹೊಸ ಕಮಾನಿನ ನಡುಬೋಲ್ಟಿನ ತಲೆ ಅಚ್ಚಿನ ಪೀಠದಲ್ಲಿರುವ ಕುಳಿಗೆ ಸರಿಯಾಗಿ ಇಳಿಯಬೇಕು. ಇಳಿಯದಿದ್ದರೆ ಗಾಡಿ ಓರೆಯಾಗಿ ನಡೆಯುತ್ತದೆ. ಒಮ್ಮೆ ಬಿಗಿದ ಯು ಬೋಲ್ಟು ಎಳೆದುಕೊಂಡಿರುತ್ತದೆ, ಆದ್ದರಿಂದ ಹೊಸದನ್ನೇ ಹಾಕಬೇಕು. ತುದಿಯ ಕಣ್ಣುಗಳಲ್ಲಿ ರಬ್ಬರ್ ಬುಷ್ ಇದ್ದರೆ ಅವುಗಳ ಬೋಲ್ಟನ್ನು ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೆಯೇ ಕೊನೆಯದಾಗಿ ಬಿಗಿಯುವುದು. ಮೊದಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಹೊಸದಾಗಿ ಬಿಗಿದ ನಟ್ಟುಗಳನ್ನು ಕೆಲವು ದಿನ ಓಡಿಸಿದ ನಂತರ ಮತ್ತೊಮ್ಮೆ ನೋಡಬೇಕು.

ಇದರಲ್ಲಿ ಗುಟ್ಟೇನೂ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವಂಥದು, ಕೈಗೆ ಸಿಗುವಂಥದು. ಹೊಸ ಗಾಡಿಗಳ ಸ್ಥಿತಿ ಹಾಗಿಲ್ಲ. ಎಂಜಿನು, ಬ್ರೇಕು, ದೀಪ ಎಲ್ಲದರ ಹಿಂದೆಯೂ ಒಂದು ಗಣಕ ಕೂತಿದೆ. ಅದರ ಭಾಷೆ ಕಂಪೆನಿಯವರಿಗೆ ಮಾತ್ರ ಗೊತ್ತು. ಹಿಂದೆ ಕಾರ್ಖಾನೆ ಯಜಮಾನನ ಕೈಗೆ ಕೊಟ್ಟ ಸ್ವಾತಂತ್ರ್ಯವನ್ನು ಈಗ ಅದೇ ಕಾರ್ಖಾನೆ ಮೆಲ್ಲಗೆ ಹಿಂದಕ್ಕೆ ಪಡೆಯುತ್ತಿದೆ. ಅಮೆರಿಕದ ಜನ ಇದನ್ನು ಸುಮ್ಮನೆ ಒಪ್ಪಿಲ್ಲ. ಮಾರಿದವನದೇ ಬಿಡಿಭಾಗ ಹಾಕಬೇಕು, ಇಲ್ಲದಿದ್ದರೆ ವಾರಂಟಿ ರದ್ದು ಎಂಬ ಷರತ್ತಿಗೆ 1975ರ ಕಾನೂನೊಂದು ಅಂಕುಶ ಹಾಕಿತು. ರಿಪೇರಿಗೆ ಬೇಕಾದ ಮಾಹಿತಿಯನ್ನು ಒಡೆಯನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಕೊಡಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ತೀರ್ಪು ಕೊಟ್ಟರು; ಗಾಡಿ ನಿಸ್ತಂತುವಾಗಿ ಕಳಿಸುವ ಮಾಹಿತಿಗೂ ಅದನ್ನು 2020ರಲ್ಲಿ ವಿಸ್ತರಿಸಿದರು.

ಹಾಗೆಂದು ಎಲ್ಲ ಹೊಣೆಯನ್ನೂ ಒಡೆಯನ ಹೆಗಲಿಗೆ ಹೊರಿಸುವುದೂ ನ್ಯಾಯವಲ್ಲ. 2014ರಲ್ಲಿ ಟೊಯೊಟಾ ಕಂಪೆನಿ ಅಮೆರಿಕದಲ್ಲಿ ಮಾರಿದ್ದ ಟಕೋಮಾ ಪಿಕಪ್ಪುಗಳಲ್ಲಿ ಸುಮಾರು 6,90,000 ಗಾಡಿಗಳನ್ನು ಹಿಂದಿನ ಕಮಾನಿನ ಪಟ್ಟಿ ಮುರಿಯುವ ಸಂಭವವಿದೆಯೆಂದು ವಾಪಸು ಕರೆಯಿತು. ತಯಾರಕ ಹೊರಬೇಕಾದ ಹೊರೆ ಅದು. ಆದರೆ ಗಾಡಿಯಡಿ ಬಗ್ಗಿ ನೋಡಬಲ್ಲ ಒಡೆಯನೇ ಪಟ್ಟಿಯಲ್ಲಿ ಬಿರುಕಿದೆಯೆಂದು ಮೊದಲು ಕೇಳಬಲ್ಲವನು. ತಿಳಿವಳಿಕೆಯಿಲ್ಲದವನಿಗೆ ಫಿರ್ಯಾದು ಮಾಡಲೂ ಮಾತು ಸಿಕ್ಕದು.

ನಮ್ಮಲ್ಲಿ ನಡೆದ ದಾರಿ ಬೇರೆ. ಕಾರು ಇಟ್ಟುಕೊಂಡವರು ಬಾನೆಟ್ಟನ್ನು ಎತ್ತುವುದೇ ಅಪರೂಪ. ಅಡಿಗೆ ಮಲಗುವ ಕೆಲಸ ಎಣ್ಣೆಗೆ ಕಪ್ಪಾದ ಬಟ್ಟೆಯ ಹುಡುಗನದೆಂದು ತೀರ್ಮಾನವಾಗಿದೆ. ಆದರೆ ಕಮಾನಿನ ಪಟ್ಟಿಯ ಬೆಲೆ ನಮ್ಮ ಹಳ್ಳಿಗೆ ಚೆನ್ನಾಗಿ ಗೊತ್ತು. ಲಾರಿಯಿಂದ ಕಳಚಿದ ಮುರುಕು ಪಟ್ಟಿ ಗುಜರಿಯಿಂದ ಕುಲುಮೆಗೆ ಹೋಗಿ ಮಚ್ಚಾಗಿ, ಕುಡುಗೋಲಾಗಿ ಹೊರಬರುತ್ತದೆ. ಅಂಥ ಉಕ್ಕಿನ ಅಲಗಿಗೆ ರೈತ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟಾನು. ಕೈಯ ಅರಿವು ನಮ್ಮಲ್ಲಿ ಇಲ್ಲವೆಂದಲ್ಲ. ಅದು ಒಡೆಯನಿಗೂ ಮೆಕ್ಯಾನಿಕ್ಕಿಗೂ ನಡುವೆ ಗೋಡೆಯಾಗಿ ಹಂಚಿಹೋಗಿದೆ, ಅಷ್ಟೆ. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರವೂ ರಿಪೇರಿಯ ಹಕ್ಕಿನ ಹೆಸರಿನಲ್ಲಿ ಒಂದು ಏರ್ಪಾಟು ಮಾಡಿ, ಕಂಪೆನಿಗಳು ರಿಪೇರಿಯ ವಿವರಗಳನ್ನು ಬಳಕೆದಾರರಿಗೆ ತಿಳಿಸಲು ಒಂದೆಡೆ ಒದಗಿಸಿತು. ಅದು ಒಳ್ಳೆಯದೇ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದನ್ನು ಚಲಾಯಿಸುವ ಕುತೂಹಲವೂ ಬೇಕು.

ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ನಮ್ಮ ಹಿರಿಯರ ಗಾದೆ. ಅದು ಹೊಲದ ಮಾತು; ಆಳನ್ನು ಹೀನೈಸಲು ಹುಟ್ಟಿದ್ದಲ್ಲ, ಒಡೆಯನನ್ನು ಎಚ್ಚರಿಸಲು ಹುಟ್ಟಿದ್ದು. ಎಲ್ಲರೂ ತಮ್ಮ ಗಾಡಿಯ ಕಮಾನನ್ನು ತಾವೇ ಬದಲಿಸಬೇಕೆಂದು ಯಾರೂ ಹೇಳರು; ಬಾಡಿಗೆಯ ಮನೆಯ ಕಿರಿದಾದ ಅಂಗಳದಲ್ಲಿ ಅದು ಆಗುವ ಮಾತೂ ಅಲ್ಲ. ಹೊತ್ತು ನಡೆಯುವುದು ಯಾವುದು, ಅದು ಎಲ್ಲಿ ಬಿರುಕು ಬಿಟ್ಟಿದೆ, ಅದನ್ನು ಸರಿಪಡಿಸಿದವನು ಏನು ಮಾಡಿದ ಎಂಬಷ್ಟನ್ನಾದರೂ ತಿಳಿದವನೇ ಗಾಡಿಯ ನಿಜವಾದ ಒಡೆಯ. ಉಳಿದವನು ಅದರ ಪ್ರಯಾಣಿಕ.