ಜಾನ್ ಸೈನಿ: ಕಲ್ಲಿದ್ದಲ ಗಣಿಯ ಮೊದಲ ಲಿಖಿತ ಒಪ್ಪಂದ ಮತ್ತು ಅದರ ಸೋಲು

ಪೆನ್ಸಿಲ್ವೇನಿಯದ ಗಣಿಗಾರರ ಚರಿತ್ರೆ ಬರೆಯುವವರು 1870ರ ದಶಕಕ್ಕೆ ಬಂದೊಡನೆ ಐರಿಷ್ ಗಣಿಗಾರರ ರಹಸ್ಯ ಕೂಟವೆನ್ನಲಾದ ಮಾಲಿ ಮಗ್ವಾಯರ್‌ಗಳ ಕಡೆ ಹೊರಳುತ್ತಾರೆ. ಕೊಲೆ, ಪತ್ತೇದಾರ, ಗಲ್ಲು ಎಲ್ಲವೂ ಅಲ್ಲಿದೆ. ಅದೇ ಸ್ಕೂಲ್‌ಕಿಲ್ ಪ್ರಾಂತ್ಯದಲ್ಲಿ ಮಾಲೀಕರನ್ನು ಮಾತುಕತೆಗೆ ಕೂರಿಸಿದ ಜಾನ್ ಸೈನಿಗೆ ದಕ್ಕುವುದು ಒಂದೆರಡು ಪುಟ.

ಸೈನಿ 1831ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ. ತಂದೆ ಗೇಣಿ ರೈತ. ಒಕ್ಕಲೆಬ್ಬಿಸಿದ ಮೇಲೆ ಕುಟುಂಬ ಇಂಗ್ಲೆಂಡಿನ ವಿಗನ್ ಸೇರಿತು. ಹುಡುಗ ಹತ್ತಿ ಗಿರಣಿಯಲ್ಲಿ ದುಡಿದ, ಇಟ್ಟಿಗೆ ಕೆಲಸ ಕಲಿತ, ಮುಂದೆ ಅಲ್ಲಿನ ಇಟ್ಟಿಗೆ ಕೆಲಸಗಾರರ ಸಂಘ ಕಟ್ಟಿದ. 1863ರಲ್ಲಿ ಸ್ಕೂಲ್‌ಕಿಲ್‌ನ ಸೇಂಟ್ ಕ್ಲೇರ್‌ಗೆ ಬಂದಾಗ ಅವನಿಗೆ ಗಣಿ ಹೊಸದು, ಸಂಘಟನೆ ಹಳೆಯದು. 1868ರ ಮುಷ್ಕರದ ಕಾಲಕ್ಕೆ ತಲೆಯೆತ್ತಿದ ವರ್ಕಿಂಗ್‌ಮೆನ್ಸ್ ಬೆನೆವಲೆಂಟ್ ಅಸೋಸಿಯೇಷನ್ ಎಂಬ ಗಣಿಗಾರರ ಸಂಘಕ್ಕೆ ಆತನೇ ಮುಂದಾಳು.

1869ರ ಸೆಪ್ಟೆಂಬರ್ 6ರಂದು ಆವಂಡೇಲ್ ಗಣಿಗೆ ಬೆಂಕಿ ಬಿತ್ತು. ಹೊರಬರಲು ಇದ್ದದ್ದು ಒಂದೇ ಬಾವಿ. ಅದರ ನೆತ್ತಿಯ ಮೇಲೇ ಕಲ್ಲಿದ್ದಲು ಒಡೆಯುವ ಮರದ ಕಟ್ಟಡ. ಕಟ್ಟಡ ಉರಿಯಿತು, ದಾರಿ ಮುಚ್ಚಿತು. ರಕ್ಷಣೆಗೆ ಇಳಿದ ಇಬ್ಬರೂ ಸೇರಿ 110 ಮಂದಿ ಸತ್ತರು. ಅಲ್ಲಿ ಸೈನಿ ಆಡಿದ ಮಾತು ಕೇಳಿದವರಲ್ಲಿ ಮುಂದೆ ನೈಟ್ಸ್ ಆಫ್ ಲೇಬರ್ ಸಂಘಟನೆಯ ನಾಯಕನಾದ ಟೆರೆನ್ಸ್ ಪೌಡರ್ಲಿಯೂ ಇದ್ದ. ಮರುವರ್ಷ ರಾಜ್ಯದ ಕಾನೂನು ಎರಡನೆಯ ದಾರಿಯನ್ನೂ ಗಣಿ ತನಿಖಾಧಿಕಾರಿಗಳನ್ನೂ ಕಡ್ಡಾಯ ಮಾಡಿತು.

1870ರ ಜುಲೈ 29ರಂದು ಮಾಲೀಕರೂ ಸಂಘವೂ ಒಂದು ಕಾಗದಕ್ಕೆ ಸಹಿ ಹಾಕಿದರು. ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಇಂಥ ಲಿಖಿತ ಒಪ್ಪಂದ ಅದೇ ಮೊದಲು. ಕಲ್ಲಿದ್ದಲಿನ ಬೆಲೆಯೊಂದಿಗೆ ಕೂಲಿ ಏರಿಳಿಯಬೇಕು. ಸಂಘದ ಕೆಲಸಕ್ಕಾಗಿ ಯಾರನ್ನೂ ವಜಾ ಮಾಡಬಾರದು. ಕೆಲಸ ಬಾರದೆ ವಜಾ ಆದವನ ಪರ ಸಂಘ ನಿಲ್ಲಬಾರದು. ಸೈನಿಯ ಸ್ವಭಾವವೆಲ್ಲ ಈ ಷರತ್ತುಗಳಲ್ಲಿದೆ. ಬೆಲೆ ಕುಸಿದರೆ ಕೂಲಿಯೂ ಕುಸಿಯುತ್ತದೆಂಬ ಅಪಾಯವೂ ಅಲ್ಲೇ ಇತ್ತು.

ಈ ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಿದವನು ರೀಡಿಂಗ್ ರೈಲ್ವೆಯ ಅಧ್ಯಕ್ಷ ಫ್ರಾಂಕ್ಲಿನ್ ಗೋವನ್. ಮರುವರ್ಷ ಮುಷ್ಕರವಾದಾಗ ಆತನೇ ಸಾಗಣೆ ದರವನ್ನು ವಿಪರೀತ ಏರಿಸಿದ. ಆಮೇಲೆ ಬೇರೊಂದು ಕಂಪನಿಯ ಹೆಸರಿನಲ್ಲಿ ಲಕ್ಷ ಎಕರೆಗೂ ಮಿಕ್ಕ ಕಲ್ಲಿದ್ದಲು ಭೂಮಿಯನ್ನು ರೈಲ್ವೆಯ ಹಿಡಿತಕ್ಕೆ ತಂದ. ಸೈನಿ ಚೌಕಾಸಿ ನಡೆಸಿದ್ದು ತಮ್ಮತಮ್ಮಲ್ಲೇ ಪೈಪೋಟಿಗಿಳಿದಿದ್ದ ಸಣ್ಣ ಮಾಲೀಕರೊಡನೆ. ಈಗ ಎದುರಿಗೆ ಉಳಿದವನು ಬಹುಮಟ್ಟಿಗೆ ಒಬ್ಬನೇ.

1873ರಲ್ಲಿ ಸೈನಿ ಮೈನರ್ಸ್ ನ್ಯಾಷನಲ್ ಅಸೋಸಿಯೇಷನ್ನಿನ ಅಧ್ಯಕ್ಷನಾದ. ಅದೇ ವರ್ಷ ಆರ್ಥಿಕ ಕುಸಿತ. 1875ರಲ್ಲಿ ಕ್ಲಿಯರ್‌ಫೀಲ್ಡ್ ಮುಷ್ಕರದಲ್ಲಿ ಒಳಸಂಚಿನ ಆರೋಪದ ಮೇಲೆ ಬಂಧಿತನಾಗಿ ಖುಲಾಸೆಯಾದ. ಜೊತೆಗಾರ ಕ್ಸಿಂಗೊ ಪಾರ್ಕ್ಸ್‌ಗೆ ಶಿಕ್ಷೆಯಾಯಿತು. ಅದೇ ವರ್ಷ ಸೈನಿಯ ಹಳೆಯ ಸಂಘ ಗೋವನ್ ಎದುರು ಸುದೀರ್ಘ ಮುಷ್ಕರ ಹೂಡಿ ಮುರಿದುಬಿತ್ತು. ಸೈನಿ ಸೇಂಟ್ ಕ್ಲೇರ್‌ನಲ್ಲಿ ಮದ್ಯದಂಗಡಿ ನಡೆಸಿ, 1880ರ ಏಪ್ರಿಲ್‌ನಲ್ಲಿ ಕ್ಷಯದಿಂದ ತೀರಿಕೊಂಡ, ವಯಸ್ಸು 48.

ಸಂಧಾನಪ್ರಿಯತೆಯೇ ಸಂಘವನ್ನು ಮುಳುಗಿಸಿತು ಎನ್ನುವವರಿದ್ದಾರೆ. ಆ ತೀರ್ಪಿಗೆ ಮುನ್ನ ಅವರು ರೀಡಿಂಗ್ ಕಂಪನಿಯ ಭೂಖರೀದಿಯ ಲೆಕ್ಕವನ್ನು ಒಮ್ಮೆ ತೆರೆದು ನೋಡಬೇಕು.