ಎರಡಾಣೆಯಿಂದ ಬೆಳೆದ ಬ್ಯಾಂಕು

'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆಯನ್ನು ನಾವು ತರಗತಿಗಳಲ್ಲಿ ವಿಸ್ತರಿಸಿ ಬರೆಯಿಸುತ್ತೇವೆ. ಬ್ಯಾಂಕುಗಳ ಚರಿತ್ರೆಗಿಂತ ಅದಕ್ಕೆ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಮನೆವಂದಿಗರಿಂದ ಸಣ್ಣ ಠೇವಣಿ ಪಡೆದು ಅವರಿಗೆ ಸಣ್ಣ ಸಾಲ ಕೊಡುವುದು ಚಿಲ್ಲರೆ ವ್ಯವಹಾರ. ಗಿರಣಿಗಳಿಗೂ ದೊಡ್ಡ ವ್ಯಾಪಾರಕ್ಕೂ ಬಂಡವಾಳ ಒದಗಿಸುವುದು ಸಗಟು ವ್ಯವಹಾರ. ಇವೆರಡೂ ಬೇರೆಯೆಂದು ತೋರಿದರೂ ಮೊದಲನೆಯದರ ನೀರೇ ಎರಡನೆಯದಕ್ಕೆ ಹರಿಯುತ್ತದೆ.

1925ರಲ್ಲಿ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಇವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆಯನ್ನು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಸ್ವೀಕರಿಸುತ್ತಿದ್ದರು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ದಿನಕ್ಕೆ ಎರಡಾಣೆಯಾದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಇಂಥ ನೂರು ಮನೆಗಳು ಸೇರಿದರೆ 4,562 ರೂಪಾಯಿ 8 ಆಣೆ. ಅಂದರೆ ಆ ಮೂಲ ಬಂಡವಾಳದ ಅರ್ಧಕ್ಕಿಂತಲೂ ಹೆಚ್ಚು!

ಆದರೆ ದೇಶದ ಹಳ್ಳಿಗಳಿಗೆ ಬ್ಯಾಂಕು ಬಹುಕಾಲ ದೂರವೇ ಉಳಿಯಿತು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಬ್ಯಾಂಕುಗಳ ಪಾಲು ಒಂದು ರೂಪಾಯಿಗೂ ಕಡಮೆ, ಸಹಕಾರ ಸಂಘಗಳದು ಸುಮಾರು ಮೂರು. ಲೇವಾದೇವಿಗಾರರದು ಸುಮಾರು ಎಪ್ಪತ್ತು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು ಆ ವರ್ಷ ಆಂಧ್ರಕ್ಕೆ ಸೇರಿತು. ಮಡಕಶಿರವಾದರೋ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದವು. ಅದೇ ವರ್ಷದ ಕೊನೆಯಲ್ಲಿ, ಜಿಲ್ಲೆಗೊಂದು ಬ್ಯಾಂಕು ಮುಂದಾಳಾಗಿ ಸಾಲದ ಯೋಜನೆಯನ್ನು ನೋಡಿಕೊಳ್ಳಬೇಕೆಂಬ 'ಲೀಡ್ ಬ್ಯಾಂಕ್' ಏರ್ಪಾಡು ಬಂದಿತು. ಅನಂತಪುರ ಜಿಲ್ಲೆಯ ಹೊಣೆ ಸಿಂಡಿಕೇಟ್ ಬ್ಯಾಂಕಿನದಾಯಿತು. ಹೀಗೆ ಕನ್ನಡ ಕರಾವಳಿಯಲ್ಲಿ ಹುಟ್ಟಿದ ಸಂಸ್ಥೆ ಗಡಿಯಾಚೆಯ ನಮ್ಮಲ್ಲಿಗೂ ಬಂದಿತು.

2020ರ ಏಪ್ರಿಲ್ 1ರಂದು ಆ ಬ್ಯಾಂಕು, 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 2022ರಲ್ಲಿ ಮಡಕಶಿರವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೆಸರುಗಳು ಬದಲಾದವು, ಅಗತ್ಯ ಬದಲಾಗಲಿಲ್ಲ. ರಾಯದುರ್ಗದಲ್ಲಿ ಸಿದ್ಧ ಉಡುಪಿನ ವರ್ತಕನಿಗೆ ಬಟ್ಟೆ ಕೊಳ್ಳಲು ದೊಡ್ಡ ಸಾಲ ಬೇಕು; ಅವನಿಗೆ ಹೊಲಿದುಕೊಡುವವಳಿಗೆ ಒಂದು ಯಂತ್ರದಷ್ಟು ಸಾಲ ಸಾಕು. ಮಡಕಶಿರದ ರೇಷ್ಮೆ ಬೆಳೆಗಾರನಿಗೂ ಹಾಗೆಯೇ. ಊರಿನ ಉಳಿತಾಯವೆಲ್ಲ ದೂರದ ನಗರಗಳಿಗೇ ಹರಿದರೆ, ಕೆರೆ ತುಂಬಿಯೂ ಅದರ ಕೆಳಗಿನ ಗದ್ದೆ ಒಣಗಿದಂತೆ. ಬ್ಯಾಂಕಿನ ನಿಜವಾದ ಬೆಳವಣಿಗೆಗೆ ಅವಕಾಶವಿರುವುದು ಈ ಗದ್ದೆಯಲ್ಲಿಯೇ ಎಂದು ನಾವು ನಂಬುತ್ತೇವೆ.

ಇನ್ನೊಂದು ಮಾತು. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ತಮಗೆ ತಿಳಿಯದ ಕಾಗದಕ್ಕೆ ರುಜು ಹಾಕುವಂತಾಗಬಾರದು. ಅಸಲು, ಬಡ್ಡಿ, ಕಂತು, ಜಾಮೀನುಗಳ ಅರ್ಥವನ್ನು ಗಣಿತದ ಪಾಠದೊಡನೆಯೇ ಉಪಾಧ್ಯಾಯರು ಕಲಿಸಲಿ. ಮಕ್ಕಳು ಮನೆಯ ಪಾಸ್‌ಬುಕ್ಕನ್ನು ತಂದೆತಾಯಿಗಳಿಗೆ ಓದಿ ಹೇಳಲಿ. ಎರಡಾಣೆಯನ್ನು ಕೂಡಿಡುವುದು ಎಷ್ಟು ಮುಖ್ಯವೋ, ಅದರ ಲೆಕ್ಕ ಕೇಳುವುದೂ ಅಷ್ಟೇ ಮುಖ್ಯವಲ್ಲವೆ?